ಸುರತ್ಕಲ್‌ನಿಂದ ಮೂಲ್ಕಿಯವರೆಗಿನ ಕಡಲತಡಿಯಲ್ಲಿ ಮನೆ, ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಉತ್ತರಕ್ಕೆ ಹೊರಟು ಕೂಳೂರು ಸೇತುವೆ, ಪಣಂಬೂರು ಬಂದರು, ಬೈಕಂಪಾಡಿಯ ಕಾರ್ಖಾನೆಗಳನ್ನು ದಾಟಿದ ಮೇಲೆ ನಗರದ ಗದ್ದಲ ತಗ್ಗುತ್ತದೆ. ಸುರತ್ಕಲ್, ಮುಕ್ಕ, ಸಸಿಹಿತ್ಲು, ಹಳೆಯಂಗಡಿ, ಪಡುಪಣಂಬೂರು, ಮೂಲ್ಕಿ ಎಂದು ಮುಂದುವರಿಯುವ ಈ ತೀರದಲ್ಲಿ ಹತ್ತು ಸೆಂಟ್ಸ್ ಜಾಗ ಸಿಕ್ಕೀತೇ, ಒಂದು ಮನೆ ಕಟ್ಟಬಹುದೇ ಎಂದು ವಿಚಾರಿಸುವವರಲ್ಲಿ ಮುಂಬಯಿಯಿಂದ ಊರಿಗೆ ಮರಳುವವರು, ಗಲ್ಫ್‌ನಲ್ಲಿ ದುಡಿಯುತ್ತಿರುವವರು, ಬೆಂಗಳೂರಿನಲ್ಲಿ ನಿವೃತ್ತರಾದವರು ಎಲ್ಲರೂ ಇದ್ದಾರೆ. ಬಹುತೇಕರ ಮೊದಲ ಪ್ರಶ್ನೆ ಸಮುದ್ರ ಕಾಣುತ್ತದೆಯೇ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಉಬ್ಬರ ರೇಖೆ ಎಲ್ಲಿದೆ, ಬಾವಿಯಲ್ಲಿ ಮೇ ತಿಂಗಳಲ್ಲಿ ಸಿಹಿನೀರು ಇರುತ್ತದೆಯೇ, ಪಹಣಿಯ ಹಿಂದೆ ಯಾರ ಯಾರ ಹಕ್ಕಿದೆ ಎಂಬ ಮೂರು ವಿಷಯಗಳು ಸರಿಯಿದ್ದ ಮೇಲೆ ಮಾತ್ರ ಇಲ್ಲಿನ ನೆಮ್ಮದಿ ನಿಮ್ಮದಾಗುತ್ತದೆ. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆಯಲಾಗಿದೆ.

ಇವೆಲ್ಲ ಮಂಗಳೂರು ನಗರದೊಳಗೇ ಬರುತ್ತವೆಯೇ?

ಇಲ್ಲ. ಸುರತ್ಕಲ್, ಇಡ್ಯಾ, ಹೊಸಬೆಟ್ಟು, ಕುಳಾಯಿ ಮಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿವೆ. ಹಳೆಯಂಗಡಿ, ಪಡುಪಣಂಬೂರು ಗ್ರಾಮ ಪಂಚಾಯತ್‌ಗಳು. ಮೂಲ್ಕಿಗೆ ತನ್ನದೇ ಪಟ್ಟಣದ ಆಡಳಿತವಿದೆ, ಅದು ಈಗ ತಾಲೂಕು ಕೇಂದ್ರವೂ ಹೌದು. ಈ ವ್ಯತ್ಯಾಸ ಹೆಸರಿಗಷ್ಟೇ ಸೀಮಿತವಲ್ಲ: ಮನೆ ತೆರಿಗೆ, ಕುಡಿಯುವ ನೀರು, ಕಟ್ಟಡ ಪರವಾನಿಗೆ, ಖಾತೆಯ ಸ್ವರೂಪ, ಸಮುದ್ರದಿಂದ ಬಿಡಬೇಕಾದ ಅಂತರ ಇವೆಲ್ಲವೂ ಜಾಗ ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ ಎಂಬುದರ ಮೇಲೆ ನಿಂತಿವೆ. ಮಧ್ಯವರ್ತಿಗಳು ‘ಸುರತ್ಕಲ್ ಹತ್ತಿರ’ ಎಂದು ತೋರಿಸುವ ಜಾಗ ಎಷ್ಟೋ ಸಲ ಪಂಚಾಯತ್ ಗಡಿಯೊಳಗಿರುತ್ತದೆ. ಸರ್ವೆ ನಂಬರ್ ಮತ್ತು ಗ್ರಾಮದ ಹೆಸರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ದಿನವೂ ಮಂಗಳೂರಿಗೆ ಹೋಗಿ ಬರಲು ಸಾಧ್ಯವೇ?

ಸಾಧ್ಯ, ಆದರೆ ಸಮಯದ ಲೆಕ್ಕವನ್ನು ಕಿಲೋಮೀಟರ್‌ಗಳಲ್ಲಿ ಹಾಕಬೇಡಿ. ಸುರತ್ಕಲ್ ನಗರದ ಕೇಂದ್ರದಿಂದ ಸುಮಾರು 17 ಕಿ.ಮೀ., ಮೂಲ್ಕಿ ಸುಮಾರು 30 ಕಿ.ಮೀ. ದೂರದಲ್ಲಿದ್ದರೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಂದರಿನ ಲಾರಿಗಳು, ಟ್ಯಾಂಕರ್‌ಗಳು ಸೇರಿಕೊಳ್ಳುವ ಬೈಕಂಪಾಡಿ ಮತ್ತು ಫಲ್ಗುಣಿ ನದಿಯ ಮೇಲಿನ ಕೂಳೂರು ಸೇತುವೆ ಈ ದಾರಿಯ ಇಕ್ಕಟ್ಟಿನ ಜಾಗಗಳು. ಮಳೆಗಾಲದಲ್ಲಿ ಹೊಂಡಗಳು ಬಿದ್ದಾಗ ಇಲ್ಲಿ ಕಳೆಯುವ ಹೊತ್ತು ಇನ್ನೂ ಹೆಚ್ಚುತ್ತದೆ. ಖಾಸಗಿ ಬಸ್‌ಗಳ ವ್ಯವಸ್ಥೆ ಮಾತ್ರ ನಿಜಕ್ಕೂ ಚೆನ್ನಾಗಿದೆ: ನಗರದ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಸಿಟಿ ಬಸ್‌ಗಳು, ಮಂಗಳೂರು–ಉಡುಪಿ ನಡುವೆ ಎಕ್ಸ್‌ಪ್ರೆಸ್ ಬಸ್‌ಗಳು ದಿನವಿಡೀ ಓಡುತ್ತವೆ. ಆದರೆ ಹೆದ್ದಾರಿಯಿಂದ ಕಡಲಿನತ್ತ ಒಳಗೆ ಹೋದಂತೆ ಬಸ್ಸು ವಿರಳ. ಸಸಿಹಿತ್ಲಿನಂಥ ಕಡೆ ಸ್ವಂತ ವಾಹನ ಅಥವಾ ರಿಕ್ಷಾ ಬೇಕೇ ಬೇಕು.

ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ಬಳಿಯಿದ್ದ ಟೋಲ್ ಗೇಟ್ 2022ರ ಡಿಸೆಂಬರ್ 1ರಿಂದ ನಿಂತಿದೆ. ಮೂಲ್ಕಿ ದಾಟಿ ಉಡುಪಿಯ ಕಡೆ ಹೋಗುವವರಿಗೆ ಹೆಜಮಾಡಿಯಲ್ಲಿ ಟೋಲ್ ಇದೆ. ಕೊಂಕಣ ರೈಲ್ವೆಯ ನಿಲ್ದಾಣಗಳು ಸುರತ್ಕಲ್ ಮತ್ತು ಮೂಲ್ಕಿ ಎರಡರಲ್ಲೂ ಇರುವುದರಿಂದ ಮುಂಬಯಿಯಲ್ಲಿ ಮಕ್ಕಳಿರುವ ಹಿರಿಯರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮನೆಬಾಗಿಲ ರೈಲು. ಬಜಪೆ ವಿಮಾನ ನಿಲ್ದಾಣವನ್ನು ನಗರಕ್ಕೆ ಹೋಗದೆ ಒಳರಸ್ತೆಯಿಂದಲೇ ತಲುಪಬಹುದು.

ಸಮುದ್ರದಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬಹುದು?

ಇಲ್ಲಿ ಹಣ ಕಳೆದುಕೊಂಡವರಲ್ಲಿ ಅನೇಕರು ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಪಡೆಯದೆ ಮುಂಗಡ ಕೊಟ್ಟವರು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಜನರ ಬಾಯಲ್ಲಿ ಸಿಆರ್‌ಝೆಡ್, ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಬದಲಾಗಿ, ಮತ್ತೆ 2019ರ ಜನವರಿ 18ರಂದು ಹೊಸ ಅಧಿಸೂಚನೆಯಾಯಿತು. ಸಮುದ್ರದ ಗರಿಷ್ಠ ಉಬ್ಬರ ರೇಖೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗಿನ ಪ್ರದೇಶ ಈ ನಿಯಮದೊಳಗೆ ಬರುತ್ತದೆ. ಪಾಲಿಕೆ, ಪಟ್ಟಣಗಳಂತೆ ಈಗಾಗಲೇ ಬೆಳೆದ ಪ್ರದೇಶ ಎರಡನೇ ವರ್ಗದ್ದು: ಅಲ್ಲಿ ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಭೂಭಾಗದ ಬದಿಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ, ಸಮುದ್ರದ ಬದಿಗಿಲ್ಲ. ಗ್ರಾಮೀಣ ಪ್ರದೇಶ ಮೂರನೇ ವರ್ಗದ್ದು. ಅದರಲ್ಲಿ ಎರಡು ಬಗೆ: 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಉಬ್ಬರ ರೇಖೆಯಿಂದ 50 ಮೀಟರ್‌ವರೆಗೆ, ಅದಕ್ಕಿಂತ ಕಡಿಮೆ ಜನರಿರುವಲ್ಲಿ 200 ಮೀಟರ್‌ವರೆಗೆ ನಿರ್ಮಾಣ ನಿಷಿದ್ಧ. ಪಕ್ಕಪಕ್ಕದ ಎರಡು ಊರುಗಳಿಗೆ ಬೇರೆ ಬೇರೆ ಅಂತರ ಅನ್ವಯಿಸಲು ಇದೇ ಕಾರಣ.

ಹೊಸಬರು ಮರೆಯುವುದು ನದಿಯನ್ನು. ಉಬ್ಬರದ ನೀರು ಏರಿ ಬರುವ ನದಿ, ತೋಡುಗಳ ದಂಡೆಗೂ ಈ ನಿಯಮವಿದೆ: 50 ಮೀಟರ್ ಅಥವಾ ಆ ನೀರಿನ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕಟೀಲಿನ ಕಡೆಯಿಂದ ಬರುವ ನಂದಿನಿ ಪಾವಂಜೆಯಲ್ಲಿ ಹೆದ್ದಾರಿ ದಾಟಿ, ಸಸಿಹಿತ್ಲಿನ ಬೆನ್ನಿಗೆ ಹರಿದು, ಶಾಂಭವಿಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ಹಾಗಾಗಿ ಅಲ್ಲಿನ ಕಿರಿದಾದ ಪಟ್ಟಿಗೆ ಪಶ್ಚಿಮದಲ್ಲಿ ಕಡಲಿನ ಲೆಕ್ಕ, ಪೂರ್ವದಲ್ಲಿ ನದಿಯ ಲೆಕ್ಕ ಎರಡೂ ಬೀಳುತ್ತವೆ, ಕೆಲವು ಜಾಗಗಳಲ್ಲಿ ಇವೆರಡರ ನಡುವೆ ಮನೆಗೆ ಬೇಕಾದಷ್ಟು ನೆಲವೇ ಉಳಿಯುವುದಿಲ್ಲ.

ಉಬ್ಬರ ರೇಖೆಯನ್ನು ನೀವೋ ನಾನೋ ಟೇಪು ಹಿಡಿದು ನಿರ್ಧರಿಸುವಂತಿಲ್ಲ. ಅದು ಅನುಮೋದಿತ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಗುರುತಾಗಿರುತ್ತದೆ. ನಿಮ್ಮ ಸರ್ವೆ ನಂಬರ್ ಆ ನಕ್ಷೆಯಲ್ಲಿ ಎಲ್ಲಿ ಬೀಳುತ್ತದೆ ಎಂಬುದನ್ನು ಮಂಗಳೂರಿನಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಸ್ವಂತ ವಾಸದ 300 ಚದರ ಮೀಟರ್ ವಿಸ್ತೀರ್ಣದೊಳಗಿನ ಮನೆಗೆ ಸ್ಥಳೀಯ ಪ್ರಾಧಿಕಾರವೇ ಅನುಮತಿ ಕೊಡಬಹುದು ಎಂಬ ಸಡಿಲಿಕೆ ನಿಯಮದಲ್ಲಿದೆಯಾದರೂ ಆ ಪ್ರಾಧಿಕಾರ ಸಿಆರ್‌ಝೆಡ್ ಅಂತರವನ್ನು ಪರಿಶೀಲಿಸಿಯೇ ಕೊಡಬೇಕು. ನಿರ್ಮಾಣ ನಿಷಿದ್ಧವಾದ ಅಂತರದೊಳಗೆ ಈ ಸಡಿಲಿಕೆ ಹೊಸಬರಿಗೆ ನೆರವಾಗುವುದಿಲ್ಲ.

ಪಕ್ಕದಲ್ಲೇ ದಡಕ್ಕೆ ತಾಗಿ ಮನೆಗಳಿವೆಯಲ್ಲ, ನಮಗೇಕೆ ಕೂಡದು?

ಅವುಗಳಲ್ಲಿ ಹೆಚ್ಚಿನವು ತಲೆಮಾರುಗಳಿಂದ ಅಲ್ಲೇ ಇರುವ ಮೀನುಗಾರ ಕುಟುಂಬಗಳ ಮನೆಗಳು. 1991ಕ್ಕೂ ಹಿಂದಿನಿಂದ ಇರುವ ಅಧಿಕೃತ ಮನೆಯ ದುರಸ್ತಿಗೆ, ಸಾಂಪ್ರದಾಯಿಕ ನಿವಾಸಿಗಳ ವಾಸಕ್ಕೆ ನಿಯಮ ಪ್ರತ್ಯೇಕವಾಗಿ ದಾರಿ ಬಿಟ್ಟಿದೆ. ಆ ಮನೆಯನ್ನು ಕೊಂಡ ಮಾತ್ರಕ್ಕೆ ಅದನ್ನು ಕೆಡವಿ ಮೂರು ಮಹಡಿ ಏರಿಸುವ ಹಕ್ಕು ನಿಮಗೆ ಬರುವುದಿಲ್ಲ. ಕೇರಳದ ಮರಡುವಿನಲ್ಲಿ ಸಿಆರ್‌ಝೆಡ್ ಉಲ್ಲಂಘಿಸಿ ಕಟ್ಟಿದ ಫ್ಲ್ಯಾಟ್‌ಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿಯಲ್ಲಿ ಸ್ಫೋಟಿಸಿ ಉರುಳಿಸಲಾಯಿತು. ಅಲ್ಲಿ ಕೊಂಡವರ ಬಳಿ ನೋಂದಣಿ ಪತ್ರ, ಬ್ಯಾಂಕ್ ಸಾಲ, ಸ್ಥಳೀಯ ಸಂಸ್ಥೆಯ ಪರವಾನಿಗೆ ಎಲ್ಲವೂ ಇದ್ದವು.

ಕಡಲ್ಕೊರೆತದ ಭಯ ನಿಜವೇ?

ನಿಜ. ಜೂನ್‌ನಿಂದ ಆಗಸ್ಟ್‌ವರೆಗೆ ಅಲೆಗಳು ದಡದ ಹೊಯ್ಗೆಯನ್ನು (ಮರಳನ್ನು) ಎಳೆದೊಯ್ಯುತ್ತವೆ, ಮಳೆ ಕಳೆದ ಮೇಲೆ ಬಹುಪಾಲು ಹೊಯ್ಗೆ ಮರಳುತ್ತದೆ. ಈ ಹೋಗಿಬರುವ ಚಲನೆಯೇ ದಡದ ಸಹಜ ಉಸಿರು. ಕಲ್ಲಿನ ತಡೆಗೋಡೆ, ಬಂದರಿನ ದಕ್ಕೆ, ನದೀಮುಖದ ಬದಲಾವಣೆ ಈ ಚಲನೆಗೆ ಅಡ್ಡ ಬಂದಾಗ ಒಂದು ಕಡೆ ಉಳಿದ ಹೊಯ್ಗೆ ಮತ್ತೊಂದು ಕಡೆಯ ಕೊರತೆಯಾಗುತ್ತದೆ. ಬೈಕಂಪಾಡಿಯ ಮೀನಕಳಿಯ, ಚಿತ್ರಾಪುರ, ಉತ್ತರದ ಮುಕ್ಕ, ಸಸಿಹಿತ್ಲು ಭಾಗಗಳು ಕೊರೆತ ಕಂಡ ಜಾಗಗಳು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ತೀರದ ಹತ್ತಿರದಿಂದ ಹಾದುಹೋದಾಗ ಮುಂಗಾರಿಗೂ ಮೊದಲೇ ಅಲೆಗಳು ರಸ್ತೆಗೆ, ಅಂಗಳಕ್ಕೆ ನುಗ್ಗಿದ್ದವು.

ತಡೆಗೋಡೆ ಇದೆಯಲ್ಲ ಎಂಬ ಸಮಾಧಾನ ಬೇಡ. ಯಾವುದೋ ಜಾಗದ ಮುಂದೆ ಕಲ್ಲು ಪೇರಿಸಿದ್ದಾರೆ ಎಂದರೆ ಅಲ್ಲಿ ಕಡಲು ಒಳಗೆ ಬಂದ ದಾಖಲೆ ಇದೆ ಎಂದೇ ಅರ್ಥ. ನದೀಮುಖದ ಹತ್ತಿರವಂತೂ ದಡದ ಆಕಾರವೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2016 ಮತ್ತು 2017ರಲ್ಲಿ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಅಲ್ಲಿನ ನಿವೇಶನಗಳ ಬಗ್ಗೆ ಹೊರಗಿನವರ ಆಸಕ್ತಿ ಹೆಚ್ಚಿತು. ಅಲೆ ಆಡುವವರಿಗೆ ಒಳ್ಳೆಯದಾದ ನೆಲೆ ಮನೆಗೂ ಒಳ್ಳೆಯದೇ ಆಗಬೇಕೆಂದಿಲ್ಲ.

ನೀರಿನ ಪರಿಸ್ಥಿತಿ ಹೇಗೆ?

ಪಾಲಿಕೆಯ ವ್ಯಾಪ್ತಿಯಲ್ಲಿ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಸುರತ್ಕಲ್ ಆ ಕೊಳವೆಯ ತುದಿಯಲ್ಲಿದೆ. ಬೇಸಿಗೆಯ ಕೊನೆಯಲ್ಲಿ ತುಂಬೆಯ ಮಟ್ಟ ಇಳಿದು 2019ರಂತೆ ರೇಷನಿಂಗ್ ಬಂದಾಗ ತುದಿಯಲ್ಲಿರುವವರಿಗೆ ಒತ್ತಡ ಮೊದಲು ಕಡಿಮೆಯಾಗುತ್ತದೆ. ಪಂಚಾಯತ್ ಪ್ರದೇಶದಲ್ಲಿ ಬಾವಿಯೇ ಜೀವನ.

ಹೆದ್ದಾರಿಯ ಪೂರ್ವಕ್ಕೆ ಏರುವ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದಲ್ಲಿ ಬಾವಿ ಆಳ, ನೀರು ಸಿಹಿ, ಆದರೆ ಬೇಸಿಗೆಗೆ ಬತ್ತಬಹುದು. ಹೆದ್ದಾರಿಯ ಪಶ್ಚಿಮಕ್ಕೆ ಹೊಯ್ಗೆಯ ಪಟ್ಟಿಯಲ್ಲಿ ಕೆಲವೇ ಅಡಿಗೆ ನೀರು ಸಿಗುತ್ತದೆ. ಆ ಸಿಹಿನೀರು ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುವ ಮಳೆಯ ನೀರು. ಕೊಡಪಾನದಲ್ಲಿ ಸೇದುವಷ್ಟು ತೆಗೆದರೆ ಅದು ಉಳಿಯುತ್ತದೆ, ದೊಡ್ಡ ಪಂಪಿಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಒಮ್ಮೆ ಏರಿದ ಉಪ್ಪು ನಿಮ್ಮ ಬಾವಿಯೊಂದನ್ನೇ ಅಲ್ಲ, ನೆರೆಯ ನಾಲ್ಕು ಬಾವಿಗಳನ್ನೂ ಕೆಡಿಸುತ್ತದೆ. ತೀರದಲ್ಲಿ ಯಂತ್ರದಿಂದ ಅಂತರ್ಜಲ ತೆಗೆಯುವುದಕ್ಕೆ ಸಿಆರ್‌ಝೆಡ್ ನಿಯಮದಲ್ಲೇ ನಿರ್ಬಂಧ ಇರುವುದು ಇದೇ ಕಾರಣಕ್ಕೆ.

ಎಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಹೋಗಿ ಬಾವಿಕಟ್ಟೆಗೆ ಒರಗಿ ಒಳಗೆ ನೋಡಿ. ಕಲ್ಲಿನ ಮೇಲೆ ಮಳೆಗಾಲದ ನೀರು ನಿಂತ ಪಾಚಿಯ ಗೆರೆ ಎಲ್ಲಿದೆ, ಅದರಿಂದ ಎಷ್ಟು ಕೆಳಗೆ ಈಗಿನ ನೀರಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಕೊಡ ಸೇದಿ ಬಾಯಿಗೆ ಹಾಕಿ ನೋಡಿ, ಕೈಗೆ ಸಾಬೂನು ಹಚ್ಚಿ ತೊಳೆಯಿರಿ. ನೊರೆ ಬಾರದೆ ಕೈ ಅಂಟಾಗಿ ಉಳಿದರೆ, ಆ ಮನೆಯವರು ಬೇಳೆ ಬೇಯುವುದಿಲ್ಲ ಎಂದು ಹೇಳಿದರೆ, ನೀರು ಗಡಸೋ ಉಪ್ಪೋ ಆಗಿದೆ ಎಂದು ತಿಳಿಯಿರಿ. ಬಳಿಕ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ: ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ, ಕರಗಿದ ಒಟ್ಟು ಲವಣ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎಂಬುದು ಭಾರತೀಯ ಮಾನಕ. ಮಲಿನತೆಯನ್ನು ತೋರಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ಬಿಡಲೇಬೇಡಿ. ಹೊಯ್ಗೆಯಲ್ಲಿ ಶೌಚಗುಂಡಿಯ ನೀರು ಬೇಗ ಹರಿಯುತ್ತದೆ. ಐದು ಸೆಂಟ್ಸ್ ನಿವೇಶನದಲ್ಲಿ ಬಾವಿಗೂ ಗುಂಡಿಗೂ ನಡುವೆ 15 ಮೀಟರ್ ಬಿಡುವುದು ಕಷ್ಟ, ಪಕ್ಕದ ನಿವೇಶನದವರ ಗುಂಡಿ ನಿಮ್ಮ ಬಾವಿಯ ಪಕ್ಕಕ್ಕೇ ಬರುವ ಸಾಧ್ಯತೆಯೂ ಇದೆ. ನೀರಿನ ದೃಷ್ಟಿಯಿಂದ ಹೇಳುವುದಾದರೆ ಹೊಯ್ಗೆಯ ಪಟ್ಟಿಯಲ್ಲಿ ಸಣ್ಣ ನಿವೇಶನಗಳ ಬಡಾವಣೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಸೆಂಟ್ಸ್ ಎಂದರೆ ಎಷ್ಟು?

ಎಕರೆಯ ನೂರನೇ ಒಂದು ಭಾಗ, 435.6 ಚದರ ಅಡಿ. ಬೆಂಗಳೂರಿನ 30×40 ನಿವೇಶನ ಇಲ್ಲಿನ ಸುಮಾರು ಎರಡೂ ಮುಕ್ಕಾಲು ಸೆಂಟ್ಸ್.

ದಾಖಲೆಗಳಲ್ಲಿ ಈ ಜಿಲ್ಲೆಗೇ ವಿಶೇಷವಾದದ್ದು ಏನಾದರೂ ಇದೆಯೇ?

ಬಹಳಷ್ಟಿದೆ. ಬೆಂಗಳೂರಿನ ವಕೀಲರಿಂದ ಮಾತ್ರ ದಾಖಲೆ ನೋಡಿಸಿ ಮುಂದುವರಿಯುವುದು ಇಲ್ಲಿ ಸಾಲದು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಕಾರಣ ಭೂಹಿಡುವಳಿಯ ಹೆಸರು, ಹಕ್ಕು ಎರಡೂ ಬೇರೆ.

ಪಹಣಿಯಲ್ಲಿ ‘ನಂಜ’ ಎಂದಿದ್ದರೆ ಅದು ಗದ್ದೆ, ‘ಪುಂಜ’ ಎಂದಿದ್ದರೆ ಒಣ ಭೂಮಿ, ‘ಬಾಗಾಯ್ತು’ ಎಂದಿದ್ದರೆ ತೋಟ. ಇಂದು ಮಣ್ಣು ತುಂಬಿಸಿ ಸಮ ಮಾಡಿ ತೋರಿಸುವ ಜಾಗ ನಂಜವಾಗಿದ್ದರೆ ಅದು ಒಂದು ಕಾಲದಲ್ಲಿ ನೀರು ನಿಲ್ಲುತ್ತಿದ್ದ ಬೈಲು. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಆ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ. ಪಾವಂಜೆ, ಪಡುಪಣಂಬೂರು, ಬಪ್ಪನಾಡಿನ ತಗ್ಗು ಪ್ರದೇಶಗಳಲ್ಲಿ ನಂದಿನಿ, ಶಾಂಭವಿ ಉಕ್ಕಿದಾಗ ಇದನ್ನು ಕಾಣಬಹುದು.

‘ಕುಮ್ಕಿ’ ಎಂಬುದನ್ನು ಎಚ್ಚರದಿಂದ ನೋಡಿ. ಕದೀಂ ವರ್ಗ, ಅಂದರೆ ಹಳೆಯ ಕಾಲದಿಂದ ಕಂದಾಯ ಕಟ್ಟುತ್ತ ಬಂದ ಸ್ವಂತ ಹಿಡುವಳಿ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ಇತ್ಯಾದಿ ತೆಗೆಯಲು ವರ್ಗದಾರನಿಗೆ ಇರುವ ಸವಲತ್ತು ಅದು, ಒಡೆತನ ಅಲ್ಲವೇ ಅಲ್ಲ. ‘ಇಪ್ಪತ್ತು ಸೆಂಟ್ಸ್ ವರ್ಗ, ಜೊತೆಗೆ ಮೂವತ್ತು ಸೆಂಟ್ಸ್ ಕುಮ್ಕಿ’ ಎಂದು ಹೇಳಿ ಐವತ್ತಕ್ಕೂ ಬೆಲೆ ಕೇಳಿದರೆ ನೀವು ಕೊಡಬೇಕಾದದ್ದು ಇಪ್ಪತ್ತಕ್ಕೆ ಮಾತ್ರ.

ಮೂರನೆಯದು ಕುಟುಂಬದ ಹಕ್ಕು. ಇಲ್ಲಿನ ಬಂಟ, ಬಿಲ್ಲವ, ಮೊಗವೀರ ಕುಟುಂಬಗಳ ಹಳೆಯ ಆಸ್ತಿ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿಯಲ್ಲಿ ಬಂದದ್ದಾದರೆ ಹೆಣ್ಣಿನ ಸಂತತಿಯ ಕವರುಗಳಿಗೆ (ಕವಲುಗಳಿಗೆ) ಅದರಲ್ಲಿ ಪಾಲಿರುತ್ತದೆ. ಪಹಣಿಯಲ್ಲಿ ಒಬ್ಬ ಹಿರಿಯರ ಹೆಸರಿದ್ದ ಮಾತ್ರಕ್ಕೆ ಅವರೊಬ್ಬರೇ ಮಾರುವಂತಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ, ಜನ ‘ಡಿಕ್ಲರೇಶನ್ ಜಾಗ’ ಎನ್ನುವ ಭೂಮಿಯಲ್ಲೂ ಇದೇ ತೊಡಕು: ಭೂನ್ಯಾಯ ಮಂಡಳಿಯ ಆದೇಶ ಒಬ್ಬರ ಹೆಸರಿಗಿದ್ದರೂ ಗೇಣಿ ಇಡೀ ಕುಟುಂಬದ್ದಾಗಿತ್ತು ಎಂದು ಮುಂಬಯಿಯಲ್ಲಿರುವ ತಂಗಿಯ ಮಕ್ಕಳು ದಾವೆ ಹೂಡಬಹುದು. ಆದ್ದರಿಂದ ವಂಶವೃಕ್ಷ, ವಿಭಾಗಪತ್ರ, ಮಂಡಳಿಯ ಆದೇಶದ ಪ್ರತಿ ಇವನ್ನು ಕೇಳಿ ಪಡೆಯಿರಿ. ವಿಭಾಗವಾಗದಿದ್ದರೆ ಎಲ್ಲ ಹಕ್ಕುದಾರರೂ ಸಹಿ ಹಾಕಲಿ. ಮೂಲಗೇಣಿ (ಶಾಶ್ವತ ಗೇಣಿ) ಜಾಗವಾದರೆ ಮೂಲಿದಾರರ, ಅಂದರೆ ಮೂಲ ಒಡೆಯರ ಹಕ್ಕು ಬಿಡುಗಡೆಯಾಗಿದೆಯೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರದಿಂದ ಮಂಜೂರಾದ ಜಾಗವಾದರೆ, 1978ರ ಕಾಯ್ದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧು. ಅಂಥ ಜಾಗ ಅವರ ಬಳಿಯೇ ಉಳಿಯಬೇಕೆಂಬುದು ನ್ಯಾಯವೂ ಹೌದು.

ಕೊನೆಯದಾಗಿ ಇಸಿಯನ್ನು (ಋಣಭಾರ ಪ್ರಮಾಣಪತ್ರವನ್ನು) ಕನಿಷ್ಠ 30 ವರ್ಷಕ್ಕೆ ತೆಗೆಸಿ, ಜಾಗದ ಅಳತೆ ತೋರಿಸುವ 11ಇ ನಕ್ಷೆಯೊಂದಿಗೆ ಸರ್ವೆಯರ್ ಎದುರು ಗಡಿಕಲ್ಲುಗಳನ್ನು ನೋಡಿ.

ನೈನ್-ಇಲೆವೆನ್, ಇ-ಖಾತೆ, ಕನ್ವರ್ಶನ್ ಎಂದರೇನು? ಯಾವುದು ಇದ್ದರೆ ಸಾಕು?

ಕೃಷಿ ಭೂಮಿಯಲ್ಲಿ ಮನೆ ಕಟ್ಟಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು, ಅದೇ ಕನ್ವರ್ಶನ್. ಬಳಿಕ ಯೋಜನಾ ಪ್ರಾಧಿಕಾರದಿಂದ ಏಕ ನಿವೇಶನ ಅಥವಾ ಬಡಾವಣೆ ವಿನ್ಯಾಸಕ್ಕೆ ಅನುಮೋದನೆ, ಮಂಗಳೂರಿನ ವ್ಯಾಪ್ತಿಯಲ್ಲಾದರೆ ಮುಡಾದಿಂದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ). ಅದರ ಮೇಲೆ ಪಂಚಾಯತ್ ತನ್ನ ಆನ್‌ಲೈನ್ ಆಸ್ತಿ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ (ಇದೇ ನೈನ್-ಇಲೆವೆನ್) ಕೊಡುತ್ತದೆ, ಪಾಲಿಕೆ, ಪಟ್ಟಣಗಳಲ್ಲಿ ಇ-ಖಾತೆ ಆಗುತ್ತದೆ. ಈ ಕ್ರಮದ ಯಾವುದೇ ಮೆಟ್ಟಿಲು ತಪ್ಪಿದ್ದರೆ ಕೈಯಲ್ಲಿ 11ಬಿ ಅಥವಾ ಬಿ-ಖಾತೆ ಇರುತ್ತದೆ. ಅದು ತೆರಿಗೆ ಕಟ್ಟಲು ಕೊಟ್ಟ ದಾಖಲೆ, ಬಡಾವಣೆಯನ್ನು ಅನುಮೋದಿತವಾಗಿಸುವುದಿಲ್ಲ. ಬ್ಯಾಂಕ್ ಸಾಲ ಬೇಕೆನ್ನುವವರು ಅನುಮೋದಿತ ನಿವೇಶನವನ್ನೇ ನೋಡುವುದು ಒಳ್ಳೆಯದು.

ನಾನು ಅನಿವಾಸಿ ಭಾರತೀಯ. ಇಲ್ಲಿ ಏನನ್ನು ಕೊಳ್ಳಬಹುದು?

ಮನೆ, ಫ್ಲ್ಯಾಟ್, ಪರಿವರ್ತಿತ ನಿವೇಶನ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಉತ್ತರಾಧಿಕಾರದಿಂದ ಬಂದರೆ ಇಟ್ಟುಕೊಳ್ಳಬಹುದು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳಲು ಅವಕಾಶ ಕೊಟ್ಟದ್ದನ್ನು ನೋಡಿ ಗಲ್ಫ್‌ನಲ್ಲಿರುವ ಹಲವರು ತಮಗೂ ಅದು ಅನ್ವಯವೆಂದು ಭಾವಿಸುತ್ತಾರೆ, ಆದರೆ ಅನಿವಾಸಿಗಳ ಮೇಲಿನ ನಿರ್ಬಂಧ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು, ಅದು ಹಾಗೆಯೇ ಇದೆ. ನೀವು ನಿವಾಸಿಯಾಗಿದ್ದು ಮಾರುವವರು ಅನಿವಾಸಿಯಾಗಿದ್ದರೆ ಆದಾಯ ತೆರಿಗೆಯನ್ನು ಕಡಿತ ಮಾಡಿ ಕಟ್ಟುವ ಹೊಣೆ ನಿಮ್ಮದು, ಅದು ನಿವಾಸಿ ಮಾರಾಟಗಾರರ ಶೇ. 1ರ ಕಡಿತಕ್ಕಿಂತ ಬಹಳ ಹೆಚ್ಚು. ಒಬ್ಬ ಲೆಕ್ಕಪರಿಶೋಧಕರನ್ನು ಮೊದಲೇ ಕಾಣಿ.

ನೋಂದಣಿಗೆ ಎಷ್ಟು ಖರ್ಚು?

ಮುದ್ರಾಂಕ ಶುಲ್ಕ ಶೇ. 5. ಆ ಶುಲ್ಕದ ಮೇಲೆ ಶೇ. 10 ಸೆಸ್, ಜೊತೆಗೆ ನಗರದಲ್ಲಿ ಶೇ. 2, ಗ್ರಾಮೀಣದಲ್ಲಿ ಶೇ. 3 ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಸುಮಾರು ಶೇ. 7.6 ಆಗುತ್ತದೆ, ಅಂದರೆ 40 ಲಕ್ಷ ರೂ. ನಿವೇಶನಕ್ಕೆ ಸುಮಾರು 3.04 ಲಕ್ಷ ರೂ. ಸರಕಾರದ ಮಾರ್ಗಸೂಚಿ ದರ, ಕೊಟ್ಟ ಬೆಲೆ ಎರಡರಲ್ಲಿ ಹೆಚ್ಚಿನದರ ಮೇಲೆ ಈ ಲೆಕ್ಕ.

ಕಾರ್ಖಾನೆಗಳ ವಾಸನೆ, ಹೊಗೆ ಇಲ್ಲಿಗೆ ಬರುತ್ತದೆಯೇ?

ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್, ಬೈಕಂಪಾಡಿ ಕೈಗಾರಿಕಾ ಪ್ರದೇಶ, ವಿಶೇಷ ಆರ್ಥಿಕ ವಲಯ ಇವೆಲ್ಲ ಸುರತ್ಕಲ್‌ನ ದಕ್ಷಿಣಕ್ಕೂ ಪೂರ್ವಕ್ಕೂ ಇವೆ. ಜೋಕಟ್ಟೆ, ಕಳವಾರು, ಕುತ್ತೆತ್ತೂರು ಭಾಗದ ನಿವಾಸಿಗಳು ವಾಸನೆ, ಹುಡಿ, ಶಬ್ದದ ಬಗ್ಗೆ ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಹಗಲು ಕಡಲಿನಿಂದ ಬೀಸುವ ಗಾಳಿ ತೀರದ ಊರುಗಳಿಗೆ ಅನುಕೂಲ, ರಾತ್ರಿ ಗಾಳಿ ನೆಲದಿಂದ ಕಡಲಿನತ್ತ ತಿರುಗುತ್ತದೆ. ಆದ್ದರಿಂದ ಕಾನ, ಕುಳಾಯಿ ಸುತ್ತಮುತ್ತ ಜಾಗ ನೋಡುವವರು ಚಳಿಗಾಲದ ಒಂದು ರಾತ್ರಿ ಅಲ್ಲಿ ಉಳಿದು ನೋಡಬೇಕು. ಪೂರ್ವದ ಹಳ್ಳಿಗಳಲ್ಲಿ ಕೊಳ್ಳುವವರು ಆ ಸರ್ವೆ ನಂಬರ್ ಕೈಗಾರಿಕಾ ಭೂಸ್ವಾಧೀನದ ಅಧಿಸೂಚನೆಯಲ್ಲಿದೆಯೇ ಎಂಬುದನ್ನು ಕೆಐಎಡಿಬಿಯಲ್ಲಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ) ವಿಚಾರಿಸಲೇಬೇಕು.

ಉಪ್ಪುಗಾಳಿಯಲ್ಲಿ ಮನೆ ಎಷ್ಟು ಬಾಳುತ್ತದೆ?

ಕಟ್ಟುವಾಗ ತೋರಿದ ಶ್ರದ್ಧೆಯಷ್ಟು. ಉಪ್ಪು ಕಾಂಕ್ರೀಟಿನ ಸಣ್ಣ ಬಿರುಕುಗಳಿಂದ ಒಳಗಿಳಿದು ಸರಳನ್ನು ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಹಳೆಯ ಮನೆ ಕೊಳ್ಳುವುದಾದರೆ ಸಜ್ಜಾದ ಅಡಿಭಾಗ, ಬಾಲ್ಕನಿಯ ಅಂಚು, ನೀರಿನ ಟ್ಯಾಂಕಿಯ ಕೆಳಗಿನ ಸ್ಲ್ಯಾಬ್ ಇವನ್ನು ಟಾರ್ಚ್ ಹಿಡಿದು ನೋಡಿ: ಸರಳಿನ ನೇರಕ್ಕೆ ಕಂದು ಗೆರೆ ಕಾಣುತ್ತಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಬಣ್ಣದ ಹಿಂದೆ ದೊಡ್ಡ ಖರ್ಚು ಅಡಗಿದೆ. ಹೊಸದಾಗಿ ಕಟ್ಟುವವರು ಸಮುದ್ರದ ಮರಳನ್ನು ಯಾವ ಕಾರಣಕ್ಕೂ ಬಳಸಗೊಡಬಾರದು, ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ದಪ್ಪವಾಗಿರಲಿ, ಕ್ಯೂರಿಂಗ್‌ಗೆ ಉಪ್ಪುಬಾವಿಯ ನೀರು ಬೇಡ. ಇಲ್ಲಿನ ಹಿರಿಯರು ಮುರಕಲ್ಲಿನ ಗೋಡೆ, ಇಳಿಜಾರು ಹೆಂಚಿನ ಮಾಡು, ಮುಂದಕ್ಕೆ ಚಾಚಿದ ಚಾವಡಿ ಇಟ್ಟು ಕಟ್ಟುತ್ತಿದ್ದ ಮನೆಗಳು ಈ ಮಳೆಗೂ ಗಾಳಿಗೂ ತಕ್ಕವು. ಸಮತಟ್ಟು ಟೆರೇಸ್ ಕಟ್ಟಿ ಎರಡೇ ಮಳೆಗಾಲದಲ್ಲಿ ಅದರ ಮೇಲೆ ಶೀಟಿನ ಮಾಡು ಹೊದಿಸುವುದಕ್ಕಿಂತ ಮೊದಲೇ ಮಾಡಿನ ಮನೆ ಕಟ್ಟುವುದು ಒಳ್ಳೆಯದೆಂದು ನನಗನಿಸುತ್ತದೆ. ವರ್ಷದ ಬಹುಕಾಲ ಬೀಗ ಹಾಕುವ ಮನೆಯಲ್ಲಿ ಬೂಷ್ಟು, ಗೆದ್ದಲು ಖಂಡಿತ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬಾಗಿಲು ತೆರೆಯುವವರೊಬ್ಬರನ್ನು ಗೊತ್ತುಮಾಡಿಕೊಳ್ಳಿ.

ಜಾಗದಲ್ಲಿ ನಾಗಬನ ಅಥವಾ ದೈವಸ್ಥಾನ ಇದ್ದರೆ?

ತುಳುನಾಡಿನಲ್ಲಿ ಇದು ಸಾಮಾನ್ಯ. ಮಾರುವ ಕುಟುಂಬಕ್ಕೆ ಅಲ್ಲಿ ತಂಬಿಲ (ನಾಗ, ದೈವಗಳಿಗೆ ಸಲ್ಲಿಸುವ ಸೇವೆ), ನಾಗರ ಪಂಚಮಿಯ ಪೂಜೆ, ಕೋಲ (ದೈವದ ನೇಮ) ನಡೆಸುವ ಹಕ್ಕು ಮತ್ತು ಕರ್ತವ್ಯ ಎರಡೂ ಇರುತ್ತವೆ, ಜಾಗ ಕೈಬದಲಾದರೂ ಅವರು ವರ್ಷಕ್ಕೆ ಕೆಲವು ದಿನ ಬರುವರು. ಬನದ ಸುತ್ತಲಿನ ನೆಲ, ಅಲ್ಲಿಗೆ ಹೋಗುವ ದಾರಿ ಇವೆರಡನ್ನೂ ಕ್ರಯಪತ್ರದಲ್ಲಿ ಅಳತೆ ಸಮೇತ ಪ್ರತ್ಯೇಕಿಸಿ ಬರೆಸಿ, ಬನದ ಮರಗಳನ್ನು ಮುಟ್ಟಬೇಡಿ. ನಿಮಗೆ ಆ ನಂಬಿಕೆ ಇರಲಿ ಬಿಡಲಿ, ನೆರೆಯವರೊಂದಿಗಿನ ಬಾಳುವೆಗೆ ಇದು ಅಗತ್ಯ.

ನೆರೆಹೊರೆ ಹೇಗಿದೆ?

ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಒಂದೇ ಅಂಗಡಿಯ ಮುಂದೆ ಕೇಳಿಸುವ ಊರು ಇದು. ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಕಥೆಯೊಂದಿಗೆ ಬೆಸೆದುಕೊಂಡ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಮೂಲ್ಕಿಯ ಗುರುತು. ಚಳಿಗಾಲದಿಂದ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ, ಕೋಲ, ಮೂಲ್ಕಿ ಸೀಮೆಯ ಅರಸು ಕಂಬಳ ಹೀಗೆ ರಾತ್ರಿಗಳು ತುಂಬಿರುತ್ತವೆ. ಸದ್ದೇ ಇರದ ಊರನ್ನು ಬಯಸುವವರಿಗೆ ಈ ತಿಂಗಳುಗಳು ಇಷ್ಟವಾಗಲಿಕ್ಕಿಲ್ಲ.

ಒಂದು ವಿಷಯವನ್ನು ಮನಸ್ಸಿಟ್ಟು ಹೇಳಬೇಕಾಗಿದೆ. ದಡ ಮೀನುಗಾರರ ಕೆಲಸದ ಜಾಗ. ದೋಣಿ ಎಳೆದಿಡುವುದು, ಬಲೆ ಹರಡಿ ನೇಯುವುದು, ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಎಳೆಯುವುದು ಅಲ್ಲೇ ನಡೆಯಬೇಕು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವಾಗ ನಾಡದೋಣಿಯವರೇ ಬೂತಾಯಿ, ಬಂಗುಡೆ ತರುವುದು. ಹೊಸದಾಗಿ ಜಾಗ ಕೊಂಡವರು ಮೊದಲು ಎತ್ತುವುದು ಕಾಂಪೌಂಡ್ ಗೋಡೆ, ಅದು ತಲೆಮಾರುಗಳಿಂದ ಜನ ದಡಕ್ಕೆ ಇಳಿಯುತ್ತಿದ್ದ ಕಾಲುದಾರಿಯನ್ನು ಮುಚ್ಚುವುದನ್ನು ನೋಡುವಾಗ ನೋವಾಗುತ್ತದೆ. ಗೋಡೆಯ ಗೆರೆ ಎಳೆಯುವ ಮೊದಲು ಆ ಊರಿನ ಗುರಿಕಾರರನ್ನು (ಸಮುದಾಯದ ಮುಖ್ಯಸ್ಥರನ್ನು) ಕಂಡು, ದಾರಿ ಎಲ್ಲಿ ಹಾದುಹೋಗುತ್ತದೆ ಎಂದು ಕೇಳಿ, ಅದನ್ನು ಬಿಟ್ಟು ಕಟ್ಟಿ.

ಹೋಂಸ್ಟೇ ಮಾಡಬಹುದೇ?

ಸಿಆರ್‌ಝೆಡ್ ನಿಯಮ ಸ್ಥಳೀಯ ಸಮುದಾಯದವರಿಗೆ ತಮ್ಮ ಈಗಿನ ಮನೆಯ ಅಡಿಪಾಯ ಮತ್ತು ವಿನ್ಯಾಸ ಬದಲಿಸದೆ ಹೋಂಸ್ಟೇ ನಡೆಸಲು ಅವಕಾಶ ಕೊಟ್ಟಿದೆ. ಹೊರಗಿನವರು ಆ ದಾರಿಯಲ್ಲಿ ರೆಸಾರ್ಟ್ ಕಟ್ಟಲಾಗದು. ಬಾಡಿಗೆಯ ಆದಾಯ ಬೇಕಾದವರಿಗೆ ಎನ್‌ಐಟಿಕೆ ಮತ್ತು ಮುಕ್ಕದ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜಿನ ಸಮೀಪದ ಮನೆಗಳೇ ಹೆಚ್ಚು ಭರವಸೆಯವು.

ಆಸ್ಪತ್ರೆ, ಶಾಲೆ?

ಮುಕ್ಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ತಜ್ಞ ಚಿಕಿತ್ಸೆಗೆ ಮಂಗಳೂರು ಅಥವಾ ಮಣಿಪಾಲ. ಸುರತ್ಕಲ್, ಮೂಲ್ಕಿ, ಕಿನ್ನಿಗೋಳಿಗಳಲ್ಲಿ ಶಾಲಾ ಕಾಲೇಜುಗಳು ಸಾಕಷ್ಟಿವೆ. ಹೃದ್ರೋಗವಿರುವ ಹಿರಿಯರು ಹೆದ್ದಾರಿಯಿಂದ ಬಹಳ ಒಳಗೆ ಹೋಗದಿರುವುದು ಕ್ಷೇಮ.

ಜಾಗ ನೋಡಲು ಯಾವಾಗ ಬರಬೇಕು, ಮುಂಗಡ ಯಾವಾಗ ಕೊಡಬೇಕು?

ನಿವೇಶನಗಳನ್ನು ತೋರಿಸುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ, ಆಗ ಎಲ್ಲ ಜಾಗಗಳೂ ಚೆಂದ. ಜುಲೈಯಲ್ಲಿ ಒಮ್ಮೆ ಬಂದು ನೀರು ಎಲ್ಲಿ ನಿಲ್ಲುತ್ತದೆ, ಅಲೆ ಎಲ್ಲಿಗೆ ಬರುತ್ತದೆ ನೋಡಿ. ಮೇಯಲ್ಲಿ ಒಮ್ಮೆ ಬಂದು ಬಾವಿ ನೋಡಿ. ಒಂದೇ ಸಲ ಬರಲು ಸಾಧ್ಯವಾದರೆ ಪಶ್ಚಿಮದ ತಗ್ಗು ಜಾಗಕ್ಕೆ ಜುಲೈ, ಗುಡ್ಡದ ಜಾಗಕ್ಕೆ ಮೇ ಆಯ್ದುಕೊಳ್ಳಿ.

ಮುಂಗಡವನ್ನು ವಕೀಲರ ವರದಿ ಮತ್ತು ಸಿಆರ್‌ಝೆಡ್ ಕುರಿತ ಲಿಖಿತ ಉತ್ತರ ಕೈಸೇರಿದ ಮೇಲೆ, ಬ್ಯಾಂಕಿನ ಮೂಲಕವೇ ಕೊಡಿ. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಸಣ್ಣ ಮೊತ್ತ ಕೊಟ್ಟು, ಕಟ್ಟಡ ಪರವಾನಿಗೆ ಸಿಆರ್‌ಝೆಡ್ ಕಾರಣಕ್ಕೆ ನಿರಾಕರಣೆಯಾದರೆ ಅಥವಾ ಕುಟುಂಬದ ಯಾರಾದರೂ ಹಕ್ಕು ಕೇಳಿದರೆ ಪೂರ್ತಿ ಹಣ ಮರಳಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿ, ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ.